ಸಹಾಯ ಬೇಕು: ಸಸ್ಯಕೋಶದಲ್ಲಿ ಕೋಶಕೇಂದ್ರದ ಪೊರೆ ಒಡೆಯುವುದನ್ನು ವಿವರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಸಮೀಪದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಬೋಧಿಸುವ ನಾನು ಒಂದು ವಿಷಯದಲ್ಲಿ ತಮ್ಮ ನೆರವು ಕೋರುತ್ತಿದ್ದೇನೆ.

ಪ್ರಾಣಿಕೋಶ ವಿಭಜನೆಗೊಳ್ಳುವಾಗ ಸಿಡಿಕೆ1 ಕಿಣ್ವವು ಕೋಶಕೇಂದ್ರದ ಪೊರೆಗೆ ಒಳಗಿನಿಂದ ಆಸರೆಯಾಗಿರುವ ಲ್ಯಾಮಿನ್ ಪ್ರೋಟೀನುಗಳಿಗೆ ಫಾಸ್ಫೇಟ್ ಜೋಡಿಸುವುದರಿಂದ ಆ ಜಾಲ ಬಿಡಿಬಿಡಿಯಾಗಿ, ಪೊರೆಯು ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಸೇರಿಹೋಗುತ್ತದೆ. ಫಾಸ್ಫೇಟ್ ಕಳಚಿದ ಮೇಲೆ, ವಿಭಜನೆಯ ಕೊನೆಯ ಟೀಲೊಫೇಸ್ ಹಂತದಲ್ಲಿ, ಜಾಲ ಮತ್ತು ಪೊರೆ ಪುನಃ ಕಟ್ಟಿಕೊಳ್ಳುತ್ತವೆ. ಕೋಶ ತನ್ನನ್ನು ತಾನೇ ಕ್ರಮಬದ್ಧವಾಗಿ ಕೊನೆಗೊಳಿಸಿಕೊಳ್ಳುವ ಅಪೊಪ್ಟೋಸಿಸ್‌ನಲ್ಲಾದರೋ ಪ್ರೋಟೀನು ಕತ್ತರಿಸುವ ಕಿಣ್ವವಾದ ಕ್ಯಾಸ್ಪೇಸ್-6 ಲ್ಯಾಮಿನ್ ಅನ್ನೇ ತುಂಡರಿಸುವುದರಿಂದ ಮರಳಿ ಕಟ್ಟುವ ಮಾತಿಲ್ಲ. ಮೊದಲನೆಯದು ಗಂಟು ಬಿಚ್ಚಿದಂತೆ, ಎರಡನೆಯದು ಹಗ್ಗವನ್ನೇ ಕೊಯ್ದಂತೆ ಎಂದು ಹೇಳಿ ನಾನು ತೃಪ್ತನಾಗಿದ್ದೆ.

ಆದರೆ ಪ್ರಯೋಗಾಲಯದಲ್ಲಿ ನಾವು ತೋರಿಸುವುದು ಈರುಳ್ಳಿ ಬೇರಿನ ತುದಿಯನ್ನು. ಸಸ್ಯಗಳಲ್ಲಿ ಲ್ಯಾಮಿನ್ ಇಲ್ಲ, ನಿಜವಾದ ಕ್ಯಾಸ್ಪೇಸ್ ಕೂಡ ಇಲ್ಲ. "ಹಾಗಾದರೆ ನಮ್ಮ ತೋಟದ ಕಾಫಿ ಗಿಡದಲ್ಲಿ ಪೊರೆ ಒಡೆಯುವುದು ಹೇಗೆ ಸರ್?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ (ಪಠ್ಯಕ್ಕಿಂತ ಮುಂದೆ ಯೋಚಿಸುವ ಹುಡುಗಿ) ನಾನು ಕಾಲಾವಕಾಶ ಕೇಳಬೇಕಾಯಿತು. ಸಸ್ಯಗಳಲ್ಲಿ ಲ್ಯಾಮಿನ್‌ನ ಸ್ಥಾನದಲ್ಲಿ ಸಿಆರ್‌ಡಬ್ಲ್ಯುಎನ್ ಪ್ರೋಟೀನುಗಳಿವೆ ಎಂದು ಓದಿದ್ದೇನೆ; ವಿಭಜನೆಯ ವೇಳೆ ಮತ್ತು ಕೋಶ ಸಾಯುವಾಗ ಅವುಗಳಿಗೆ ಏನಾಗುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಅಸಿಟೋಕಾರ್ಮೈನ್ ಬಣ್ಣವು ವರ್ಣತಂತುಗಳನ್ನು ತೋರಿಸುತ್ತದೆಯೇ ಹೊರತು ಪೊರೆಯನ್ನಲ್ಲ. ಆದ್ದರಿಂದ ತರಗತಿಯಲ್ಲಿ ತೋರಿಸಬಹುದಾದ ಚಿತ್ರಗಳಿದ್ದರೆ ಅವನ್ನೂ ಹಂಚಿಕೊಳ್ಳಿ.