ಒಂದನೇ ತರಗತಿಗೆ ಒಬ್ಬಳೇ ಹುಡುಗಿ: ಊರಿನ ಶಾಲೆಯೋ, ಪೇಟೆಯ ಶಾಲೆಯೋ?

ಪ್ರಶ್ನೆ: ಶಿರಸಿ ತಾಲೂಕಿನ ಒಬ್ಬ ತಾಯಿ

ಬರುವ ಜೂನ್ ತಿಂಗಳಿನಲ್ಲಿ ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕು. ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಮನೆಗೆ ಹತ್ತಿರವಿದೆ. ಐದೂ ತರಗತಿ ಸೇರಿ ಹನ್ನೊಂದು ಮಕ್ಕಳಿದ್ದಾರೆ. ಇವಳ ತರಗತಿಗೆ ಇವಳೊಬ್ಬಳೇ. ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ವ್ಯಾನು ಬರುತ್ತದೆ, ಆದರೆ ಬೆಳಿಗ್ಗೆ ಏಳೂವರೆಗೇ ಹೊರಡಬೇಕು. ಪಾಠದ ವಿಷಯದಲ್ಲಿ ನನಗೆ ಹೆಚ್ಚು ಆತಂಕವಿಲ್ಲ. ಸಮವಯಸ್ಕರಿಲ್ಲದೆ ಬೆಳೆಯುವ ಮಗುವಿಗೆ ಮುಂದೆ ಗೆಳೆತನವೇ ಕಷ್ಟವಾದೀತೇ ಎಂಬುದೇ ಚಿಂತೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಸಿದ್ದಾಪುರ ತಾಲೂಕಿನ ಅಡಿಕೆ ಬೆಳೆಗಾರ

ನನ್ನ ಮಗ ಇಂಥದೇ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದ್ದಾನೆ. ಅವನ ತರಗತಿಯಲ್ಲಿಯೂ ಬೇರೆ ಹುಡುಗರಿರಲಿಲ್ಲ. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ನೋಡಿಕೊಂಡು ಮಗು ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು ಆಯಾ ಗುಂಪಿಗೆ ಹೋಗುತ್ತದೆ. ಅವನಿಗೆ ಕಾಗುಣಿತ ಕಲಿಸಿದವಳು ಅಕ್ಕೋರಿಗಿಂತ ಹೆಚ್ಚಾಗಿ ಮೂರನೆಯ ತರಗತಿಯ ಪಕ್ಕದ ಮನೆಯ ಹುಡುಗಿ. ಇಂದಿಗೂ ಅವಳು ಅವನಿಗೆ ಅಕ್ಕನಂತೆಯೇ ಇದ್ದಾಳೆ.

ತೊಂದರೆಯೇ ಇರಲಿಲ್ಲ ಎನ್ನುವುದಿಲ್ಲ. ನಮ್ಮ ಮನೆಗೂ ಶಾಲೆಗೂ ನಡುವೆ ಹಳ್ಳವಿದೆ. ಮಳೆಗಾಲದಲ್ಲಿ ಅಡಿಕೆ ಮರ ಸೀಳಿದ ದಬ್ಬೆಯ ಕಾಲುಸಂಕವೇ ಗತಿ. ನೀರು ಏರಿದ ದಿನ ಶಾಲೆಯಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಸಂಕ ಕಟ್ಟುವ ಕೆಲಸ, ದಬ್ಬೆಯ ಖರ್ಚು, ಆಳಿನ ಕೂಲಿ ಎಲ್ಲವೂ ನಾಲ್ಕು ಮನೆಗಳ ಪಾಲು. ಮಗ ಎರಡನೆಯ ತರಗತಿಯಲ್ಲಿದ್ದಾಗ ಅಕ್ಕೋರಿಗೆ ವರ್ಗಾವಣೆಯಾಯಿತು. ದೀಪಾವಳಿ ಕಳೆಯುವವರೆಗೂ ಪಕ್ಕದ ಶಾಲೆಯ ಮಾಸ್ತರು ನಿಯೋಜನೆಯ ಮೇಲೆ ಬಂದು ಹೋಗುತ್ತಿದ್ದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪರವಾಗಿ ಶಿಕ್ಷಣಾಧಿಕಾರಿಗಳ ಕಚೇರಿಗೆ ಅಲೆದು ಅತಿಥಿ ಶಿಕ್ಷಕರನ್ನು ಪಡೆದುಕೊಂಡೆವು. ವರ್ಗಾವಣೆಯ ಅವಕಾಶ ಸಿಕ್ಕ ಕೂಡಲೇ ಓಡಿಹೋಗುವವರಿಂದಲೇ ಹಳ್ಳಿಯ ಶಾಲೆಗಳು ಬರಿದಾಗುತ್ತಿವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪೇಟೆಗೆ ಮಕ್ಕಳನ್ನು ಕಳುಹಿಸುವ ಪಾಲಕರೂ ಅದಕ್ಕೆ ಸಮಾನ ಹೊಣೆಗಾರರು.

ಕುಮಟಾ ತಾಲೂಕಿನ ಒಬ್ಬ ತಾಯಿ

ಮೇಲಿನವರು ತೋಟವುಳ್ಳವರು, ಹೊಣೆ ಹೊರಿಸುವುದು ಅವರಿಗೆ ಸುಲಭ. ನನ್ನ ಯಜಮಾನರು ಟ್ರಾಲರ್ ಬೋಟಿನಲ್ಲಿ ದುಡಿಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಶಾಲೆಯ ಶುಲ್ಕದ ಮೊದಲ ಕಂತು ಬರುವುದೂ ಅದೇ ಜೂನ್‌ನಲ್ಲಿ. ಕಳೆದ ವರ್ಷದ ಲೆಕ್ಕ ಹೇಳುತ್ತೇನೆ: ಬೋಧನಾ ಶುಲ್ಕ 24,000 ರೂಪಾಯಿ, ಅದರಲ್ಲಿ 14,000 ಜೂನ್‌ನಲ್ಲಿಯೇ, ಶಾಲೆಯಲ್ಲಿಯೇ ಕೊಳ್ಳಬೇಕಾದ ಪುಸ್ತಕಗಳಿಗೆ 4,200, ಎರಡು ಜೊತೆ ಸಮವಸ್ತ್ರ, ಶನಿವಾರದ ಬಿಳಿ ಬಟ್ಟೆ ಸೇರಿ 3,650, ಬೂಟು 780. ಆ ಬೂಟು ಆಷಾಢದ ಮಳೆಯಲ್ಲಿ ಬಾಯಿ ಬಿಟ್ಟಿತು, ಮತ್ತೊಂದು ಜೊತೆ ಕೊಂಡೆವು. ವ್ಯಾನಿಗೆ ತಿಂಗಳಿಗೆ 1,100. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಸಾರಿದ ದಿನಗಳಿಗೂ ಒಂದು ರೂಪಾಯಿ ಕಡಿತವಿಲ್ಲ. ಈ ಹಣಕ್ಕಾಗಿ ನಾನು ಕಿವಿಯ ಓಲೆಯನ್ನು ಸಹಕಾರಿ ಸಂಘದಲ್ಲಿ ಅಡವಿಟ್ಟಿದ್ದೆ.

ನನ್ನ ಅಕ್ಕನ ಮಗನಿಗೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿಯಲ್ಲಿ ಖಾಸಗಿ ಶಾಲೆಯಲ್ಲಿ ಉಚಿತ ಸೀಟು ಸಿಕ್ಕಿತ್ತು. 2019-20ರಿಂದ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲವೆಂದು ನಿಯಮ ಬದಲಾದ ಕಾರಣ ನನ್ನ ಮಗಳಿಗೆ ಸಿಗಲಿಲ್ಲ.

ಗೆಳೆತನದ ಮಾತು ಕೇಳಿದ್ದೀರಿ. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೂ ಅವಳ ನಿಜವಾದ ಗೆಳತಿಯರು ವ್ಯಾನಿನಲ್ಲಿ ಅಕ್ಕಪಕ್ಕ ಕೂರುವ ಇಬ್ಬರು. ಉಳಿದವರ ಮನೆಗಳು ಪೇಟೆಯಲ್ಲಿ; ಹುಟ್ಟುಹಬ್ಬಕ್ಕೆ ಕರೆದರೆ ರಿಕ್ಷಾ ಬಾಡಿಗೆ, ಉಡುಗೊರೆ ಎರಡನ್ನೂ ಹೊಂದಿಸಬೇಕು. ಕೇರಿಯ ಮಕ್ಕಳು ಮಧ್ಯಾಹ್ನ ಬಿಸಿಯೂಟ ಉಂಡು, ಸಂಜೆ ಒಟ್ಟಿಗೇ ದಂಡೆಯ ಮೇಲೆ ಆಡುವಾಗ ಇವಳಿನ್ನೂ ವ್ಯಾನಿನಲ್ಲಿರುತ್ತಾಳೆ. ಆದರೂ ಶಾಲಾ ವಾರ್ಷಿಕೋತ್ಸವದಲ್ಲಿ ಇಂಗ್ಲಿಷಿನಲ್ಲಿ ನಿರೂಪಣೆ ಮಾಡಿದವಳು ನನ್ನ ಮಗಳು. ಆ ನಿರ್ಧಾರಕ್ಕೆ ನಾನು ಈಗಲೂ ಬದ್ಧಳು.

ಅಂಕೋಲಾ ಭಾಗದ ಪ್ರಾಥಮಿಕ ಶಾಲಾ ಶಿಕ್ಷಕಿ

"ಓಡಿಹೋಗುವವರು" ಎಂಬ ಮಾತನ್ನು ಸಿದ್ದಾಪುರದವರು ಹಿಂದಕ್ಕೆ ಪಡೆಯಬೇಕು. ಅರವತ್ತರವರೆಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನಾನು ವರ್ಷಗಟ್ಟಲೆ ಒಬ್ಬಳೇ ಶಾಲೆ ನಡೆಸಿದ್ದೇನೆ. ಹಾಲಿನ ಪುಡಿಯ ದಾಸ್ತಾನು, ಮೊಟ್ಟೆ ತಿನ್ನುವವರು ಮತ್ತು ಬಾಳೆಹಣ್ಣು ಬೇಡುವವರ ಪಟ್ಟಿ, ಅಕ್ಕಿಯ ಲೆಕ್ಕ, ಆನ್‌ಲೈನ್ ಹಾಜರಾತಿ, ಇವೆಲ್ಲದರ ನಡುವೆ ಐದು ತರಗತಿಗಳ ಪಾಠ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಕುಮಟಾ ಕಡೆಯಿಂದ ಬರುವ ನನ್ನಂಥವರು ಬಹುದೂರ ಸುತ್ತಿ ಬಂದು ಶಾಲೆಯ ಬಾಗಿಲು ತೆರೆದೆವು. ಅದನ್ನು ಯಾರೂ ಬರೆಯುವುದಿಲ್ಲ.

ಹನ್ನೊಂದು ಮಕ್ಕಳ ಶಾಲೆಯಲ್ಲಿ ಜಗಳವಾಡಿದ ಇಬ್ಬರು ಮರುದಿನ ಮಾತಾಡಲೇಬೇಕು, ಏಕೆಂದರೆ ಕಬಡ್ಡಿಗೆ ಬೇರೆ ಜನವಿಲ್ಲ. ರಾಜಿಯಾಗುವುದನ್ನು ಅವರು ಬೇಗ ಕಲಿಯುತ್ತಾರೆ. ಆದರೆ ಇಬ್ಬರೇ ಹುಡುಗಿಯರಿದ್ದು ಒಬ್ಬಳು ಮುನಿಸಿಕೊಂಡರೆ ಮತ್ತೊಬ್ಬಳು ಇಡೀ ದಿನ ಅಡುಗೆ ಕೋಣೆಯ ಕಟ್ಟೆಯ ಮೇಲೆ ಕುಳಿತಿರುವುದನ್ನೂ ನೋಡಿದ್ದೇನೆ. ಏನೇ ಆದರೂ ಮಗು ಮೊದಲು ಮಾತೃಭಾಷೆಯಲ್ಲಿ ಕಲಿಯಲಿ ಎಂಬುದು ನನ್ನ ನಿಲುವು.

ಕಾರವಾರದ ಒಬ್ಬ ತಂದೆ

ಅಕ್ಕೋರೇ, ಯಾರ ಮಾತೃಭಾಷೆ? ನಮ್ಮ ಮನೆಮಾತು ಕೊಂಕಣಿ. ನನ್ನ ಮಗನಿಗೆ ಕನ್ನಡ ಮಾಧ್ಯಮವೂ ಶಾಲೆಗೆ ಹೋಗಿಯೇ ಕಲಿಯಬೇಕಾದ ಭಾಷೆ. ಪ್ರಾಥಮಿಕ ಹಂತದಲ್ಲಿ ಸರ್ಕಾರವು ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲವೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ಹೇಳಿಯಾಗಿದೆ; ಕರ್ನಾಟಕದ್ದೇ ಮೊಕದ್ದಮೆ ಅದು. 2019-20ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಆರಂಭಿಸಿತು. ನನ್ನ ಮಗ ಅಂಥದೊಂದು ಸರ್ಕಾರಿ ಶಾಲೆಯಲ್ಲಿದ್ದಾನೆ. ಕುಮಟಾದ ಸೋದರಿ ತೆತ್ತ ಹಣವನ್ನು ನಾನು ತೆತ್ತಿಲ್ಲ. ಮೊದಲ ವರ್ಷ ತರಗತಿಯಲ್ಲಿ ಬಾಯಿಯೇ ಬಿಡಲಿಲ್ಲ. ಮಾತು ಬಂದದ್ದು ಮೈದಾನದಲ್ಲಿ, ಕೊಂಕಣಿ ಬಲ್ಲ ಒಬ್ಬ ಹುಡುಗ ಕ್ರಿಕೆಟ್ಟಿನಲ್ಲಿ ಅವನನ್ನು ತನ್ನ ಕಡೆಗೆ ಆರಿಸಿಕೊಂಡ ಮೇಲೆ.

ಅಂಕೋಲಾ ಭಾಗದ ಪ್ರಾಥಮಿಕ ಶಾಲಾ ಶಿಕ್ಷಕಿ

ನಿಮ್ಮ ಮಗ ಒಂದು ವರ್ಷ ಬಾಯಿ ಬಿಡದಿದ್ದುದೇ ನನ್ನ ವಾದಕ್ಕೆ ಆಧಾರ. ಕೊಂಕಣಿಯಲ್ಲಿ ಕಲಿಸಿದ್ದರೆ ಅವನು ಮೊದಲ ವಾರವೇ ಮಾತಾಡುತ್ತಿದ್ದ. ನಾನು ಹೇಳಿದ್ದು ಮಗುವಿನ ಮನೆಮಾತಿನ ವಿಷಯ, ಕನ್ನಡವೊಂದರದ್ದಲ್ಲ.

ಸಿದ್ದಾಪುರ ತಾಲೂಕಿನ ಅಡಿಕೆ ಬೆಳೆಗಾರ

ಒಬ್ಬರೇ ಶಾಲೆ ನಡೆಸಿದವರ ಕಷ್ಟವನ್ನು ನಾನು ಅಲ್ಲಗಳೆದಿಲ್ಲ. ಆದರೆ ಮಗನ ಅರ್ಧ ವರ್ಷ ಹೋದದ್ದೂ ನಿಜ, ಆ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ. ಕುಮಟಾದ ಸೋದರಿಗೆ ಒಂದು ಮಾತು: ತೋಟವಿದ್ದವರಿಗೂ ಜೂನ್‌ನಲ್ಲಿ ಕೈಯಲ್ಲಿ ಹಣವಿರುವುದಿಲ್ಲ. ಕೊನೆಕೊಯ್ಲು ಮುಗಿದು ಚಾಲಿ (ಸಿಪ್ಪೆಸಹಿತ ಬಿಸಿಲಿಗೆ ಒಣಗಿಸುವ ಅಡಿಕೆ) ಒಣಗಿ ಮಾರಾಟವಾದ ಹಣ ಮಳೆಗಾಲಕ್ಕೆ ಮುಂಚೆಯೇ ಸಾಲಕ್ಕೆ ಜಮೆಯಾಗಿರುತ್ತದೆ.

ಕುಮಟಾ ತಾಲೂಕಿನ ಒಬ್ಬ ತಾಯಿ

ಸಾಲ ಕೊಡುವವರಾದರೂ ನಿಮಗಿದ್ದಾರೆ. ಶಿರಸಿಯ ತಂಗಿ, ವ್ಯಾನಿಗೆ ಮುಂಗಡ ಕೊಡುವ ಮೊದಲು ಒಮ್ಮೆ ಊರಿನ ಅಂಗನವಾಡಿಗೆ ಹೋಗಿ, ಮುಂದಿನ ಎರಡು ವರ್ಷ ಒಂದನೇ ತರಗತಿಗೆ ಬರುವ ಮಕ್ಕಳೆಷ್ಟೆಂದು ಕೇಳಿ. ನಲಿ-ಕಲಿಯಲ್ಲಿ ಅವರೆಲ್ಲ ನಿಮ್ಮ ಮಗಳ ಜೊತೆಗೇ ಕೂರುವವರು. ನಮ್ಮ ಕೇರಿಯಲ್ಲಿ ಹಾಗೆ ಕೇಳಲು ನನಗೆ ಯಾರೂ ಹೇಳಿರಲಿಲ್ಲ.

ಶಿರಸಿ ತಾಲೂಕಿನ ತಾಯಿ

ಕೇಳಿ ಬಂದೆ. ಮುಂದಿನ ವರ್ಷ ಮೂವರಿದ್ದಾರೆ, ಅವರಲ್ಲಿ ಇಬ್ಬರು ಹುಡುಗಿಯರು. ಆದರೆ ಒಬ್ಬಳ ಮನೆಯವರು ಆಗಲೇ ಪೇಟೆಯ ವ್ಯಾನಿನವನ ಜೊತೆ ಮಾತಾಡಿದ್ದಾರಂತೆ. ನಾಳೆ ಅವರ ಮನೆಗೇ ಹೋಗಿ ಮಾತಾಡುತ್ತೇನೆ.