ಕೊಂಗುಕ್ಸು ಮಾಡುವಾಗ ಸೋಯಾ ಹಾಲಿನ ವಾಸನೆ ಹೋಗಲಾಡಿಸುವುದು ಹೇಗೆ?

ಪ್ರಶ್ನೆ:
ಕಳೆದ ವರ್ಷ ಜುಲೈ ಮತ್ತು ಆಗಸ್ಟ್ ತಿಂಗಳುಗಳನ್ನು ದಕ್ಷಿಣ ಕೊರಿಯಾದ ಸುವೊನ್ ನಗರದಲ್ಲಿರುವ ಮಗನ ಮನೆಯಲ್ಲಿ ಕಳೆದೆ. ಸಸ್ಯಾಹಾರಿಯಾದ ನನಗೆ ಅಲ್ಲಿ ತುಂಬಾ ಹಿಡಿಸಿದ್ದು ಕೊಂಗುಕ್ಸು. ಮಂಜುಗಡ್ಡೆಯಷ್ಟು ತಣ್ಣಗಿನ ಗಟ್ಟಿ ಸೋಯಾ ಹಾಲಿನಲ್ಲಿ ಗೋಧಿ ನೂಡಲ್ಸ್ ಹಾಕಿ, ಮೇಲೆ ಎಳೆ ಎಳೆಯಾಗಿ ಹೆಚ್ಚಿದ ಸೌತೆಕಾಯಿ ಇಟ್ಟು ಕೊಡುತ್ತಿದ್ದರು. ಊರಿಗೆ ಮರಳಿದ ಮೇಲೆ ಎರಡು ಸಲ ಪ್ರಯತ್ನಿಸಿದೆ. ಮೊದಲ ಸಲ ಹಾಲು ಹಸಿ ಹಸಿ ವಾಸನೆ ಬಂದು ಯಾರೂ ಬಾಯಿಗಿಡಲಿಲ್ಲ. ಎರಡನೆಯ ಸಲ ಕಾಳನ್ನು ಕುಕ್ಕರಿನಲ್ಲಿ ಐದು ವಿಷಲ್ ಕೂಗಿಸಿದೆ. ಹಸಿ ವಾಸನೆ ಹೋಯಿತು, ಆದರೆ ಬೇರೊಂದು ಮುಗ್ಗಲು ವಾಸನೆ ಸೇರಿಕೊಂಡಿತು. ನೂಡಲ್ಸ್ ಕೂಡ ಅಂಟಂಟಾಯಿತು. ಎಲ್ಲಿ ತಪ್ಪುತ್ತಿದ್ದೇನೆ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ತಮ್ಮ ಎರಡೂ ತೊಂದರೆಗಳು ಕಾಳು ಬೇಯಿಸುವ ಹೊತ್ತಿಗೆ ಸಂಬಂಧಿಸಿದವು. ಕಾಳು ಕಡಿಮೆ ಬೆಂದರೆ ಹಸಿ ನಾತ, ಹೆಚ್ಚು ಬೆಂದರೆ ‘ಮೆಜು’ ವಾಸನೆ ಎಂದು ಕೊರಿಯಾದ ಗೃಹಿಣಿಯರು ಹೇಳುತ್ತಾರೆ. ಮೆಜು ಎಂದರೆ ಬೆಂದ ಸೋಯಾವನ್ನು ಕುಟ್ಟಿ, ಇಟ್ಟಿಗೆಯಂತೆ ಕಟ್ಟಿ ಹುದುಗು ಬರಿಸುವ ಮುದ್ದೆ. ತಾವು ಮುಗ್ಗಲು ಎಂದದ್ದು ಅದನ್ನೇ ಇರಬೇಕು. ಸೋಯಾದಲ್ಲಿರುವ ಲಿಪಾಕ್ಸಿಜಿನೇಸ್ ಎಂಬ ಕಿಣ್ವವು ಕಾಳು ಒಡೆದು ನೀರು ತಾಗಿದೊಡನೆ ಅದರ ಕೊಬ್ಬಿನ ಮೇಲೆ ಕೆಲಸ ಮಾಡಿ ಹಸಿ ವಾಸನೆ ಹುಟ್ಟಿಸುತ್ತದೆ. ಶಾಖ ತಾಗಿದರೆ ಆ ಕಿಣ್ವ ನಿಷ್ಕ್ರಿಯವಾಗುತ್ತದೆ. ಆದ್ದರಿಂದ ಮೊದಲು ಬೇಯಿಸಿ, ಆಮೇಲೆ ರುಬ್ಬಬೇಕು.

ಒಂದು ಲೋಟ ಸೋಯಾಕಾಳನ್ನು ರಾತ್ರಿಯಿಡೀ ನೆನೆಸಿ, ಹಿತಕಿದ ಬೇಳೆಗೆ ಅವರೆ ಹಿತಕುತ್ತೇವಲ್ಲ, ಹಾಗೆಯೇ ನೀರಿನೊಳಗೆ ಉಜ್ಜಿ ತೇಲುವ ಸಿಪ್ಪೆಯನ್ನು ಬಸಿದುಬಿಡಿ. ಕುಕ್ಕರ್ ಬೇಡ, ಅದರಲ್ಲಿ ಕಾಳಿನ ಹದ ನೋಡಲಾಗುವುದಿಲ್ಲ. ನೊರೆ ಉಕ್ಕುವುದರಿಂದ ದೊಡ್ಡ ಪಾತ್ರೆಯಲ್ಲಿಟ್ಟು, ಕುದಿ ಬಂದ ಮೇಲೆ 15ರಿಂದ 20 ನಿಮಿಷ ಬೇಯಿಸಿ. ನಡುನಡುವೆ ಒಂದೊಂದು ಕಾಳು ಕಡಿದು ನೋಡುತ್ತಿರಿ. ಹಸಿ ರುಚಿ ಹೋಗಿ ಕಡಲೆಬೀಜದಂಥ ಘಮ ಬಂದ ಕ್ಷಣವೇ ಇಳಿಸಿ, ತಣ್ಣೀರಿನಲ್ಲಿ ತೊಳೆಯಿರಿ. ಎರಡು ಚಮಚ ಹುರಿದ ಎಳ್ಳು ಸೇರಿಸಿ, ಮೂರರಿಂದ ನಾಲ್ಕು ಲೋಟ ಕುದಿಸಿ ಆರಿಸಿದ ನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ನುಣ್ಣಗೆ ರುಬ್ಬಿ, ಫ್ರಿಜ್ಜಿನಲ್ಲಿಡಿ. ಅಲ್ಲಿ ಎಳ್ಳಿನ ಬದಲು ಪೈನ್ ಬೀಜ ಹಾಕುವವರೂ ಇದ್ದಾರೆ, ನಮಗೆ ಕಡಲೆಬೀಜ ಸಾಕು. ಸೋಸುವುದು ಬಿಡುವುದು ತಮ್ಮ ಇಷ್ಟ. ನನಗಂತೂ ಸೋಸದೆ ಉಳಿಸಿಕೊಂಡ ಗಟ್ಟಿ ಹಾಲೇ ಇಷ್ಟ.

ಉತ್ತರ 2:
ನೂಡಲ್ಸ್ ವಿಚಾರವಾಗಿ ಒಂದು ಮಾತು. ಕೊರಿಯಾದಲ್ಲಿ ಇದಕ್ಕೆ ‘ಸೊಮ್ಯೊನ್’ ಎಂಬ ತೆಳು ಗೋಧಿ ನೂಡಲ್ಸ್ ಬಳಸುತ್ತಾರೆ. ಅದು ಬೇಯಲು ಮೂರು ನಾಲ್ಕು ನಿಮಿಷ ಸಾಕು. ನೀರು ಉಕ್ಕಿ ಬಂದಾಗ ಅರ್ಧ ಲೋಟ ತಣ್ಣೀರು ಸುರಿಯುವುದು, ಮತ್ತೆ ಉಕ್ಕಿದಾಗ ಇನ್ನೊಮ್ಮೆ ಸುರಿಯುವುದು ಅಲ್ಲಿನ ರೂಢಿ. ಬಸಿದ ಮೇಲೆ ಬಟ್ಟೆ ಒಗೆಯುವಂತೆ ತಣ್ಣೀರಿನಲ್ಲಿ ಕೈಯಿಂದ ಉಜ್ಜಿ ಎರಡು ಮೂರು ಬಾರಿ ತೊಳೆಯಿರಿ. ಮೇಲಿನ ಗಂಜಿ ಹೋಗದಿದ್ದರೆ ಅಂಟುವುದು ಖಂಡಿತ.

ಉತ್ತರ 3:
ಉಪ್ಪನ್ನು ಮೊದಲೇ ಬೆರೆಸದೆ, ಬಟ್ಟಲಿಗೆ ಬಡಿಸಿದ ಮೇಲೆ ಅವರವರೇ ಹಾಕಿಕೊಳ್ಳುವುದು ವಾಡಿಕೆ. ನೈಋತ್ಯದ ಜೊಲ್ಲಾ ಪ್ರಾಂತದಲ್ಲಿ ಸಕ್ಕರೆ ಹಾಕಿಕೊಳ್ಳುತ್ತಾರೆ. ತಾವು ಸಸ್ಯಾಹಾರಿ ಎಂದಿರುವುದರಿಂದ ಹೇಳುತ್ತಿದ್ದೇನೆ: ಜೊತೆಗೆ ಬರುವ ಕಿಮ್ಚಿ ಎಂಬ ಹುದುಗಿಸಿದ ತರಕಾರಿಯಲ್ಲಿ ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪಿನ ಸೀಗಡಿ ಇರುತ್ತದೆ, ಮೇಲೆ ಅರ್ಧ ಮೊಟ್ಟೆ ಇಡುವುದೂ ಉಂಟು. ಕೊಳ್ಳುವಾಗ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಗಡಿಯಾರ ನೋಡಿಕೊಂಡೇ ಬೇಯಿಸಿದೆ. 12ನೆಯ ನಿಮಿಷದ ಕಾಳಿನಲ್ಲಿ ಇನ್ನೂ ಹಸಿ ರುಚಿ ಇತ್ತು. 17ನೆಯ ನಿಮಿಷದ ಕಾಳು ಬೇಯಿಸಿದ ಕಡಲೆಕಾಯಿಯ ಹಾಗಿತ್ತು, ಅಲ್ಲಿಗೇ ಇಳಿಸಿದೆ. ವಾಸನೆ ಎರಡೂ ಇಲ್ಲ. ಮನೆಯವರು ಹಾಲನ್ನು ಬಟ್ಟಲೆತ್ತಿ ಕುಡಿದು ಮುಗಿಸಿದರು.