ಪುಟ್ಟಿಯ ಅಡ್ಮಿಷನ್ ವಿಚಾರ: ನಿನ್ನೆಯ ಪ್ರಶ್ನೆಗಳಿಗೆಲ್ಲ ಒಟ್ಟಿಗೆ ಉತ್ತರ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯಿಂದ ನಮ್ಮ ಮನೆಯವರ ಈ ಗುಂಪಿನಲ್ಲಿ ಪುಟ್ಟಿಯ ವಿಚಾರವಾಗಿ ಇಪ್ಪತ್ತಮೂರು ಸಂದೇಶಗಳು ಬಂದಿವೆ. ಒಂದೊಂದಕ್ಕೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಂದೇ ಸಲ ಹೇಳಿಬಿಡುತ್ತೇನೆ. ಉದ್ದವಾಗುತ್ತದೆ, ಕೈಯಲ್ಲಿ ಬೇರೆ ಕೆಲಸ ಇಟ್ಟುಕೊಂಡೇ ಕೇಳಿಸಿಕೊಳ್ಳಿ, ಬೇಸರವಿಲ್ಲ.

ಪುಟ್ಟಿ ಕೇಳಿರುವುದು ಇಷ್ಟು. ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಸೃಜನಶೀಲ ಬರವಣಿಗೆಯ ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಪದವಿಗೆ ಡಿಸೆಂಬರಿನಲ್ಲೇ ಅರ್ಜಿ ಹಾಕಿದ್ದಾಗಿದೆ. ಈಗ ಮಾರ್ಚ್ ಮೊದಲ ವಾರ. ಎರಡು ಕಡೆಯಿಂದ ಇಲ್ಲ ಎಂದು ಬಂದಿದೆ, ಏಳು ಕಡೆಯಿಂದ ಏನೂ ಇಲ್ಲ. ಆ ಏಳರಲ್ಲೂ ಎರಡು ಕಡೆ ಬೇರೆಯವರಿಗೆ ಸೀಟು ಸಿಕ್ಕಿದ ಸುದ್ದಿ ಅವಳಿಗೆ ಆಗಲೇ ತಿಳಿದಿದೆ. ಹಾಗಾದರೆ ತನ್ನ ಪಾಲಿನ ಮೌನಕ್ಕೂ ಇಲ್ಲ ಎಂದೇ ಅರ್ಥವೇ ಎನ್ನುವುದು ಅವಳ ಪ್ರಶ್ನೆ. ಫೋನ್ ಮಾಡಿ ವಿಚಾರಿಸಿದರೆ ತಪ್ಪೇನು ಎಂದು ಅವಳ ಅಪ್ಪ, ನಮ್ಮ ಭಾವ, ಕೇಳಿದ್ದಾರೆ. ಅಣ್ಣನದು ಪ್ರಶ್ನೆಯಲ್ಲ, ತೀರ್ಪು: ಕಥೆ ಬರೆಯುವುದಕ್ಕೆ ಡಿಗ್ರಿ ಯಾಕೆ ಬೇಕು. ಅಕ್ಕ ಮಾತ್ರ ದಿನಾ ಬೆಳಿಗ್ಗೆ ‘ಏನಾದರೂ ಬಂತಾ’ ಎಂದು ಎರಡೇ ಎರಡು ಪದ ಹಾಕುತ್ತಾಳೆ. ಇಪ್ಪತ್ತಮೂರರಲ್ಲಿ ಪುಟ್ಟಿಗೆ ಹೆಚ್ಚು ಭಾರವಾಗಿರುವುದು ಆ ಎರಡು ಪದವೇ ಎಂದು ನನ್ನ ಅನುಮಾನ.

ನಾನು ಈ ಕಾಯುವಿಕೆಯನ್ನು ಎರಡು ವರ್ಷ ಕಂಡವಳು. ಮೊದಲ ವರ್ಷ ಏಳು ಕಡೆ ಹಾಕಿ ಏಳರಿಂದಲೂ ಇಲ್ಲ ಎನ್ನಿಸಿಕೊಂಡೆ. ಆ ವಿಷಯವನ್ನು ನಿಮ್ಮಲ್ಲಿ ಹೆಚ್ಚಿನವರಿಗೆ ಹೇಳಿಯೇ ಇರಲಿಲ್ಲ, ಇವತ್ತು ಹೇಳಿದಂತಾಯಿತು. ಎರಡನೆಯ ವರ್ಷ ಒಂದು ಕಡೆ ವೇಟಿಂಗ್ ಲಿಸ್ಟಿನಲ್ಲಿದ್ದು, ಕೊನೆಯ ಗಳಿಗೆಯಲ್ಲಿ ಒಳಗೆ ಹೋದೆ. ಅಲ್ಲಿ ಓದುತ್ತಿದ್ದ ಮೂರನೆಯ ವರ್ಷ, ಹೊಸದಾಗಿ ಬಂದ ಅರ್ಜಿಗಳ ಮೊದಲ ಸುತ್ತಿನ ಓದಿಗೆ ನಮ್ಮಂಥ ಹಿರಿಯ ವಿದ್ಯಾರ್ಥಿಗಳನ್ನೂ ಕೂರಿಸಿದ್ದರು. ಆದ್ದರಿಂದ ಬಾಗಿಲಿನ ಎರಡೂ ಬದಿಯಲ್ಲಿ ನಿಂತು ನೋಡಿದ್ದೇನೆ.

ಮೊದಲು ಒಂದು ತಪ್ಪು ಹೋಲಿಕೆಯನ್ನು ಬಿಡಿಸಬೇಕು. ಅಣ್ಣನ ಮಗ ಎಂ.ಎಸ್.ಗೆ ಹಾಕಿದಾಗ ಆರರಲ್ಲಿ ನಾಲ್ಕು ಕಡೆ ಸಿಕ್ಕಿತ್ತು, ಇವಳಿಗೆ ಯಾಕೆ ಹೀಗೆ ಎಂದು ಯಾರೋ ಬರೆದಿದ್ದೀರಿ. ಅವನು ಫೀಸು ಕಟ್ಟಿ ಓದಿದವನು. ಫೀಸು ಕಟ್ಟುವವರನ್ನು ಹತ್ತು ಜನ ಹೆಚ್ಚಿಗೆ ಕರೆದರೂ ವಿಶ್ವವಿದ್ಯಾಲಯಕ್ಕೆ ನಷ್ಟವಿಲ್ಲ. ಪುಟ್ಟಿ ಹಾಕಿರುವ ಕಡೆಗಳಲ್ಲಿ ಸೇರಿಸಿಕೊಂಡ ಪ್ರತಿಯೊಬ್ಬರ ಫೀಸನ್ನೂ ಅವರೇ ಮನ್ನಾ ಮಾಡಿ, ಮೇಲಿಂದ ಜೀವನಕ್ಕೆ ಸ್ಟೈಪೆಂಡ್ ಕೊಡುತ್ತಾರೆ. ಅಂದರೆ ಒಂದೊಂದು ಸೀಟಿನ ಹಿಂದೆಯೂ ಎರಡು ಮೂರು ವರ್ಷದ ಹಣವನ್ನು ಎಣಿಸಿ ಇಟ್ಟಿರಬೇಕು. ಕಾರ್ನೆಲ್‌ನಲ್ಲಿ ವರ್ಷಕ್ಕೆ ಸೇರಿಸಿಕೊಳ್ಳುವುದು ಎಂಟೇ ಜನರನ್ನು, ಕಥೆಗೆ ನಾಲ್ವರು, ಕವಿತೆಗೆ ನಾಲ್ವರು. 1936ರಲ್ಲಿ ಶುರುವಾದ, ಈ ಬಗೆಯ ಕೋರ್ಸುಗಳಿಗೆಲ್ಲ ಹಿರಿಯಣ್ಣನಂತಿರುವ ಅಯೋವಾ ರೈಟರ್ಸ್ ವರ್ಕ್‌ಶಾಪ್ ದೊಡ್ಡದು ಎನ್ನಿಸಿಕೊಂಡದ್ದು. ಅಲ್ಲೂ ಕಥೆಗೆ ಸುಮಾರು 25, ಕವಿತೆಗೆ ಸುಮಾರು 25. ಅರ್ಜಿಗಳು ಮಾತ್ರ ನೂರುಗಟ್ಟಲೆ, ಕೆಲವು ಕಡೆ ಸಾವಿರ ದಾಟುತ್ತವೆ. ನಾಲ್ಕು ಸೀಟು ಇರುವಾಗ ಐದನೆಯವರನ್ನು ಸುಮ್ಮನೆ ಕರೆದಿಟ್ಟುಕೊಳ್ಳಲು ಬರುವುದಿಲ್ಲ. ಪುಟ್ಟಿ ಅನುಭವಿಸುತ್ತಿರುವ ಮೌನದ ಬೇರು ಇಲ್ಲಿದೆ.

ಹೇಗೆ ಎಂದರೆ, ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದೊಳಗೆ ಮೊದಲು ಆಯ್ಕೆಯಾದವರಿಗೆ ಕರೆ ಹೋಗುತ್ತದೆ. ಬಹಳ ಕಡೆ ಕೋರ್ಸಿನ ನಿರ್ದೇಶಕರೇ ಫೋನ್ ಮಾಡುತ್ತಾರೆ ಅಥವಾ ಸ್ವತಃ ಮೇಲ್ ಬರೆಯುತ್ತಾರೆ. ಆ ನಾಲ್ವರಲ್ಲಿ ಇಬ್ಬರಿಗೆ ಬೇರೆ ಕಡೆಯೂ ಸಿಕ್ಕಿರುತ್ತದೆ. ಅವರು ಯೋಚಿಸುತ್ತಾರೆ, ತಿಂಗಳುಗಟ್ಟಲೆ ಯೋಚಿಸುತ್ತಾರೆ. ಅಷ್ಟರವರೆಗೆ ಐದನೆಯ, ಆರನೆಯ, ಒಂಬತ್ತನೆಯ ಜಾಗದಲ್ಲಿರುವವರಿಗೆ ಬಾ ಎನ್ನಲು ಹಣವಿಲ್ಲ, ಬೇಡ ಎನ್ನಲು ಮನಸ್ಸಿಲ್ಲ. ಕೆಲವು ಕಡೆ ಅವರಿಗೆ ‘ನೀವು ವೇಟಿಂಗ್ ಲಿಸ್ಟಿನಲ್ಲಿದ್ದೀರಿ’ ಎಂದು ತಿಳಿಸುತ್ತಾರೆ, ಕೆಲವು ಕಡೆ ಅದನ್ನೂ ತಿಳಿಸದೆ ಹಾಗೆಯೇ ಬಿಟ್ಟಿರುತ್ತಾರೆ. ಆದ್ದರಿಂದ ಪುಟ್ಟಿ, ಬೇರೆಯವರಿಗೆ ಕರೆ ಬಂದು ನಿನಗೆ ಏನೂ ಬಾರದಿದ್ದರೆ, ಮೊದಲ ಪಟ್ಟಿಯಲ್ಲಿ ನೀನು ಬಹುಶಃ ಇಲ್ಲ ಎಂಬಷ್ಟು ಮಾತ್ರ ಹೇಳಬಹುದು. ಅದಕ್ಕಿಂತ ಹೆಚ್ಚು ಸಮಾಧಾನ ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ, ಏಕೆಂದರೆ ಮೊದಲ ಸುತ್ತಿನಲ್ಲೇ ಪಕ್ಕಕ್ಕಿಟ್ಟ ಅರ್ಜಿಗಳಿಗೂ ಏಪ್ರಿಲ್‌ವರೆಗೆ ಉತ್ತರ ಕಳಿಸದೆ, ಕೊನೆಗೆ ಎಲ್ಲರಿಗೂ ಒಂದೇ ದಿನ ಒಂದೇ ಮೇಲ್ ಕಳಿಸುವ ಪದ್ಧತಿಯೂ ಉಂಟು. ಒಂಬತ್ತನೆಯ ಜಾಗದವನಿಗೂ ಮುನ್ನೂರನೆಯ ಜಾಗದವನಿಗೂ ಹೊರಗಿನಿಂದ ಕಾಣುವ ಮೌನ ಒಂದೇ. ಅದನ್ನು ಎಷ್ಟು ಕೆದಕಿದರೂ ಒಳಗಿನಿಂದ ಏನೂ ಸಿಗದು.

ಓದುವವರ ಕಡೆಯ ಒಂದು ಸಂಗತಿ. ನನ್ನ ಪಾಲಿಗೆ ಬಂದದ್ದು ಕಥೆಯ ವಿಭಾಗದ ಅರವತ್ತು ಹಸ್ತಪ್ರತಿಗಳು, ಒಂದೊಂದೂ ಇಪ್ಪತ್ತರಿಂದ ಮೂವತ್ತು ಪುಟ. ಜನವರಿಯ ಚಳಿಯಲ್ಲಿ ಗ್ರಂಥಾಲಯದ ಮೂರನೆಯ ಮಹಡಿಯ ಮೇಜಿನ ಮೇಲೆ ಇಟ್ಟುಕೊಂಡು, ದಿನಕ್ಕೆ ಐದರಂತೆ ಓದಿದೆ. ಒಂದು ಕಥೆಯಲ್ಲಿ ಮುದುಕನೊಬ್ಬ ತೀರಿಹೋದ ಹೆಂಡತಿಯ ಕನ್ನಡಕವನ್ನು ಹಾಕಿಕೊಂಡು ವಿದ್ಯುತ್ ಬಿಲ್ ಓದುತ್ತಾನೆ, ಅಷ್ಟೆ. ಅದನ್ನು ಓದಿ ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಅತ್ಯುತ್ತಮ ಎಂದು ಬರೆದು ಮುಂದಿನ ಸುತ್ತಿಗೆ ಕಳಿಸಿದೆ. ಅದನ್ನು ಬರೆದವರಿಗೆ ಸೀಟು ಸಿಗಲಿಲ್ಲ. ಅಂಥ ಹತ್ತು ಹನ್ನೆರಡು ಕಥೆಗಳು ಮೇಲಿನ ಮೇಜಿಗೆ ಹೋಗಿದ್ದವು, ಆ ವರ್ಷ ನಮ್ಮಲ್ಲಿ ಕಥೆಗೆ ಇದ್ದದ್ದು ಐದು ಸೀಟು. ಆ ಬರಹಗಾರರಿಗೆ ಹೋದ ಪತ್ರದಲ್ಲಿ ಕನ್ನಡಕದ ಮಾತು ಇರಲಿಲ್ಲ. ‘ಈ ವರ್ಷ ಅರ್ಜಿಗಳು ಬಹಳ ಬಂದಿದ್ದವು’ ಎಂಬ ಎಲ್ಲರಿಗೂ ಹೋಗುವ ಸಾಲೇ ಇತ್ತು. ಪುಟ್ಟಿ, ನಿನಗೆ ಬಂದಿರುವ ಎರಡು ಪತ್ರಗಳಲ್ಲೂ ಅದೇ ಸಾಲು ಇದೆ ಎಂದು ಸಿಟ್ಟು ಮಾಡಿಕೊಂಡಿದ್ದೀಯಲ್ಲ, ಅದಕ್ಕಾಗಿ ಹೇಳಿದೆ.

ಭಾವ, ಫೋನ್ ಮಾಡುವ ವಿಚಾರ. ದಯವಿಟ್ಟು ನೀವು ಮಾಡಬೇಡಿ. ತಂದೆ ಫೋನ್ ಮಾಡಿದರೆ ಆ ಕಚೇರಿಯವರು ಏನೂ ಹೇಳುವುದಿಲ್ಲ, ವಿದ್ಯಾರ್ಥಿಯ ಮಾಹಿತಿಯನ್ನು ಮೂರನೆಯವರಿಗೆ ಕೊಡುವ ರೂಢಿ ಅಲ್ಲಿಲ್ಲ. ಪುಟ್ಟಿ ಕೂಡ ಸುಮ್ಮನೆ ‘ನನ್ನ ಅರ್ಜಿ ಏನಾಯಿತು’ ಎಂದು ಬರೆಯುವುದರಿಂದ ಪ್ರಯೋಜನವಿಲ್ಲ. ಬರೆಯಬೇಕಾದ ಸಂದರ್ಭ ನನ್ನ ಪ್ರಕಾರ ಎರಡೇ. ಒಂದು ಕಡೆ ಸೀಟು ಸಿಕ್ಕಿ, ಇನ್ನೊಂದು ಕಡೆಯ ಮೇಲೆ ಮನಸ್ಸು ಹೆಚ್ಚಿದ್ದರೆ, ‘ನನಗೆ ಇಂಥಲ್ಲಿಂದ ಕರೆ ಬಂದಿದೆ, ನಿಮ್ಮ ನಿರ್ಧಾರ ಯಾವಾಗ ತಿಳಿಯಬಹುದು’ ಎಂದು ಮೂರು ಸಾಲು ಬರೆಯಬಹುದು; ಅದಕ್ಕೆ ಸಾಮಾನ್ಯವಾಗಿ ಉತ್ತರ ಬರುತ್ತದೆ. ಇನ್ನೊಂದು, ವೇಟಿಂಗ್ ಲಿಸ್ಟಿನಲ್ಲಿದ್ದೀರಿ ಎಂದು ಅವರೇ ತಿಳಿಸಿದಾಗ, ‘ಕರೆದರೆ ಖಂಡಿತ ಬರುತ್ತೇನೆ’ ಎಂದು ಒಂದು ಸಲ, ನೆನಪಿಡು, ಒಂದೇ ಸಲ ತಿಳಿಸುವುದು. ಹೊಸ ಕಥೆ ಲಗತ್ತಿಸಬೇಡ, ಕೇಳಿದರೆ ಮಾತ್ರ ಕೊಡು.

ಏಪ್ರಿಲ್ 15 ಎಂಬ ತಾರೀಕನ್ನು ಎಲ್ಲರೂ ತಲೆಯಲ್ಲಿಟ್ಟುಕೊಳ್ಳಿ. ಅಮೆರಿಕದ ಸ್ನಾತಕೋತ್ತರ ಶಾಲೆಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಒಂದು ನಿರ್ಣಯ ಮಾಡಿದೆ. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಹಣಸಹಾಯದ ಜೊತೆ ಸೀಟು ಕೊಟ್ಟಾಗ, ಏಪ್ರಿಲ್ 15ಕ್ಕಿಂತ ಮುಂಚೆ ಉತ್ತರ ಕೊಡಲೇಬೇಕು ಎಂದು ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಸಹಿ ಹಾಕಿದವರ ಪಟ್ಟಿ ಆ ಒಕ್ಕೂಟದ ವೆಬ್‌ಸೈಟಿನಲ್ಲೇ ಸಿಗುತ್ತದೆ, ಪುಟ್ಟಿ ತನ್ನ ಏಳೂ ಹೆಸರುಗಳನ್ನು ಅಲ್ಲಿ ನೋಡಿಕೊಳ್ಳಲಿ. ಈ ತಾರೀಕಿನಿಂದಾಗಿಯೇ ಮಾರ್ಚ್ ಪೂರ್ತಿ ನೀರು ನಿಂತಂತೆ ಇದ್ದು, ಏಪ್ರಿಲ್ ಎರಡನೆಯ ವಾರದಲ್ಲಿ ಕಟ್ಟೆ ಒಡೆದಂತೆ ಸುದ್ದಿ ಹರಿಯುತ್ತದೆ.

ನನಗೆ ಕರೆ ಬಂದದ್ದು ಏಪ್ರಿಲ್ 13ರ ಬೆಳಗಿನ ಜಾವ 2 ಗಂಟೆ 40 ನಿಮಿಷಕ್ಕೆ. ಅಲ್ಲಿ ಆಗಿನ್ನೂ 12ರ ಸಂಜೆ ನಾಲ್ಕೂ ಹತ್ತು. ಗೊತ್ತಿಲ್ಲದ ನಂಬರುಗಳು ರಿಂಗ್ ಆಗದಂತೆ ನಾನು ಫೋನನ್ನು ಇಟ್ಟಿದ್ದೆ, ಸಾಲ ಕೊಡುತ್ತೇವೆ ಎನ್ನುವವರ ಕಾಟಕ್ಕೆ. ಬೆಳಿಗ್ಗೆ ಎದ್ದು ನೋಡಿದರೆ +1 ಎಂದು ಶುರುವಾಗುವ ನಂಬರಿನಿಂದ ಎರಡು ಮಿಸ್ಡ್ ಕಾಲ್, ಆಮೇಲೆ ಒಂದು ಮೇಲ್: ‘ನಿಮ್ಮನ್ನು ಸಂಪರ್ಕಿಸಲು ಪ್ರಯತ್ನಿಸಿದೆವು, ಇಂದು ಸಂಜೆಯೊಳಗೆ ತಿಳಿಸುವಿರಾ.’ ಅವರ ಸಂಜೆ ಎಂದರೆ ಯಾವ ಸಂಜೆ, ಕಳೆದುಹೋದದ್ದೋ ಬರಬೇಕಾದದ್ದೋ ಎಂದು ಲೆಕ್ಕ ಹಾಕುತ್ತಾ ನಾನು ಹಲ್ಲುಜ್ಜುವುದನ್ನೂ ಮರೆತು ಕೂತಿದ್ದೆ. ಪುಟ್ಟಿ, ಆ ಸೆಟ್ಟಿಂಗನ್ನು ಇವತ್ತೇ ತೆಗೆ. ಸ್ಪ್ಯಾಮ್ ಫೋಲ್ಡರನ್ನು ದಿನಕ್ಕೊಮ್ಮೆ ನೋಡು. ಅರ್ಜಿಯ ಸ್ಥಿತಿ ತೋರಿಸುವ ಪೋರ್ಟಲನ್ನು ಮಾತ್ರ ಗಂಟೆಗೊಮ್ಮೆ ತೆರೆಯಬೇಡ. ಫೋನ್ ಬಂದ ಮೇಲೂ ವಾರಗಟ್ಟಲೆ ನನ್ನ ಪೋರ್ಟಲ್ ‘ಅರ್ಜಿ ಪರಿಶೀಲನೆಯಲ್ಲಿದೆ’ ಎಂದೇ ತೋರಿಸುತ್ತಿತ್ತು, ಏಕೆಂದರೆ ವಿಭಾಗದ ನಿರ್ಧಾರಕ್ಕೆ ಸ್ನಾತಕೋತ್ತರ ಶಾಲೆಯ ಕಚೇರಿ ಮೊಹರು ಹಾಕುವುದು ಆಮೇಲೆ.

ನನ್ನ ಸೀಟು ಬೇರೆಯವರು ಬಿಟ್ಟುಕೊಟ್ಟದ್ದು. ಅವರು ಯಾರು ಎಂದು ನನಗೆ ಇವತ್ತಿಗೂ ತಿಳಿಯದು. ಅವರು ಬೇರೆ ಕಡೆ ಹೋಗುವುದೆಂದು ಮಾರ್ಚಿನಲ್ಲೇ ತೀರ್ಮಾನಿಸಿದ್ದು, ಹೇಳುವುದನ್ನು ಮಾತ್ರ ಏಪ್ರಿಲ್ 12ರವರೆಗೆ ಎಳೆದಿದ್ದರೋ ಏನೋ ಎಂದು ಆಗಾಗ ಅನ್ನಿಸುತ್ತದೆ. ಹಾಗಿದ್ದರೆ ನನ್ನ ನಿದ್ದೆಯಿಲ್ಲದ ಒಂದು ತಿಂಗಳನ್ನು ಅವರು ಒಂದೇ ಮೇಲ್‌ನಿಂದ ಉಳಿಸಬಹುದಿತ್ತು. ಆದ್ದರಿಂದ ಪುಟ್ಟಿ, ನಿನಗೆ ಎರಡು ಕಡೆ ಸಿಕ್ಕರೆ, ಹೋಗುವುದಿಲ್ಲ ಎಂದು ಖಚಿತವಾದ ಕಡೆಗೆ ಅವತ್ತೇ ತಿಳಿಸು. ಇದರಲ್ಲಿ ನಾನು ಸ್ವಲ್ಪ ಕಠಿಣಳು ಎಂದುಕೊಂಡರೂ ಪರವಾಗಿಲ್ಲ.

ಈಗ ಅಣ್ಣನ ಮಾತಿಗೆ. ಕಥೆ ಬರೆಯಲು ಡಿಗ್ರಿ ಬೇಡ, ಒಪ್ಪಿದೆ. ಎರಡು ಮೂರು ವರ್ಷ ಬರೆಯುವುದಕ್ಕೆಂದೇ ಸಮಯವನ್ನೂ ಊಟದ ಖರ್ಚನ್ನೂ ಕೊಡುವವರು ಬೇಕು, ಅದು ಈ ಡಿಗ್ರಿಯ ರೂಪದಲ್ಲಿ ಸಿಗುತ್ತದೆ. ಅದೂ ಪುಕ್ಕಟೆಯಲ್ಲ, ಹೆಚ್ಚಿನ ಕಡೆ ಹದಿನೆಂಟರ ಹುಡುಗ ಹುಡುಗಿಯರಿಗೆ ಪ್ರಬಂಧ ಬರೆಯುವುದನ್ನು ಕಲಿಸಬೇಕು, ಅವರ ಉತ್ತರಪತ್ರಿಕೆಗಳನ್ನು ತಿದ್ದಬೇಕು. ಈ ಕ್ಷೇತ್ರದಲ್ಲಿ ಅಮೆರಿಕದಲ್ಲಿ ಎಂ.ಎಫ್.ಎ.ಯನ್ನೇ ಅಂತಿಮ ಪದವಿ ಎಂದು ಪರಿಗಣಿಸುವುದರಿಂದ, ಮುಂದೆ ಕಾಲೇಜಿನಲ್ಲಿ ಬರವಣಿಗೆ ಕಲಿಸಲು ಅದು ಅರ್ಹತೆಯೂ ಆಗುತ್ತದೆ. ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸ್ಟೈಪೆಂಡ್ ಸಾಲದಿದ್ದರೆ ಬೇರೆ ಕೆಲಸ ಮಾಡಿ ದುಡಿಯಬಹುದಲ್ಲ ಎಂಬ ಪ್ರಶ್ನೆಯೂ ಬಂದಿದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನ ಒಳಗೆ ವಾರಕ್ಕೆ 20 ಗಂಟೆಯ ಮಿತಿ ಇದೆ, ಪಾಠ ಹೇಳುವ ಕೆಲಸವೂ ಅದರೊಳಗೇ ಸೇರುತ್ತದೆ.

ಹಾಗಾಗಿ ಪುಟ್ಟಿ, ಪತ್ರ ಬಂದ ದಿನ ಸಂತೋಷದಲ್ಲಿ ಕೂಡಲೇ ಒಪ್ಪಿಕೊಳ್ಳಬೇಡ. ಸ್ಟೈಪೆಂಡ್ ಹನ್ನೆರಡು ತಿಂಗಳಿಗೋ ಒಂಬತ್ತೇ ತಿಂಗಳಿಗೋ, ಆರೋಗ್ಯ ವಿಮೆ ಯಾರದು, ಟ್ಯೂಷನ್ ಮನ್ನಾ ಆದ ಮೇಲೂ ಕಟ್ಟಬೇಕಾದ ಬೇರೆ ಫೀಸುಗಳು ಎಷ್ಟು, ಎರಡನೆಯ ವರ್ಷದ ಹಣಕ್ಕೆ ಲಿಖಿತ ಭರವಸೆ ಇದೆಯೇ, ಇವನ್ನು ನೋಡಬೇಕು. ನನ್ನದು ಒಂಬತ್ತು ತಿಂಗಳದಾಗಿತ್ತು, ನಾನು ಓದಿಕೊಂಡಿರಲಿಲ್ಲ. ಮೊದಲ ಬೇಸಿಗೆಯ ಮೂರು ತಿಂಗಳು ಹೇಗೆ ಕಳೆದೆ ಎಂಬುದನ್ನು ಇನ್ನೊಮ್ಮೆ ಹೇಳುತ್ತೇನೆ. ಸೀಟು ಇದೆ, ಹಣ ಇಲ್ಲ ಎಂಬ ಪತ್ರ ಬಂದರೆ ನನ್ನ ಸಲಹೆ ಹೋಗಬೇಡ ಎಂದೇ. ಸಾಲ ತೆಗೆದುಕೊಂಡು ಓದುವ ಪದವಿ ಇದಲ್ಲ. ಭಾವ, ಬೇಸರ ಮಾಡಿಕೊಳ್ಳಬೇಡಿ, ಮನೆ ಮೇಲೆ ಸಾಲ ತೆಗೆಯುವ ಮಾತನ್ನು ನೀವು ಆಡಿದ್ದು ನನಗೆ ಗೊತ್ತು.

ಟಿಕೆಟ್ಟಿನ ದರ ನೋಡುತ್ತಿರುವವರು ಸದ್ಯಕ್ಕೆ ನಿಲ್ಲಿಸಿ. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ. ಸೀಟು ಒಪ್ಪಿಕೊಂಡ ಮೇಲೆ ವಿಶ್ವವಿದ್ಯಾಲಯ ವೀಸಾಕ್ಕೆ ಬೇಕಾದ ಐ-20 ಎಂಬ ಪತ್ರ ಕಳಿಸಬೇಕು, ಅದಕ್ಕೆ ಹಣದ ದಾಖಲೆ ತೋರಿಸಬೇಕು, ಆಮೇಲೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ವ್ಯವಸ್ಥೆಗೆ 350 ಡಾಲರ್ ಫೀಸು, ಆಮೇಲೆ ವೀಸಾ ಸಂದರ್ಶನ. ತರಗತಿ ಶುರುವಾಗುವುದಕ್ಕೆ 30 ದಿನಕ್ಕಿಂತ ಮುಂಚೆ ಆ ದೇಶದೊಳಗೆ ಬಿಡುವುದೂ ಇಲ್ಲ. ಪಾಸ್‌ಪೋರ್ಟಿನ ಅವಧಿ ಮಾತ್ರ ಈಗಲೇ ನೋಡಿಟ್ಟುಕೊಳ್ಳಿ, ಅದಕ್ಕೆ ಯಾರ ಉತ್ತರಕ್ಕೂ ಕಾಯಬೇಕಾಗಿಲ್ಲ.

ಅಕ್ಕ, ನಿನಗೊಂದು ಮಾತು. ಸುದ್ದಿ ಬಂದರೆ ಅವಳು ಮೊದಲು ಎಬ್ಬಿಸುವುದು ನಿನ್ನನ್ನೇ, ರಾತ್ರಿ ಎರಡೂ ಮುಕ್ಕಾಲಾದರೂ ಸರಿ. ಆದ್ದರಿಂದ ಬೆಳಿಗ್ಗೆ ಕೇಳುವ ಅಗತ್ಯವೇ ಇಲ್ಲ. ಏಪ್ರಿಲ್ 15ರವರೆಗೆ ಆ ಎರಡು ಪದಗಳನ್ನು ನನ್ನ ನಂಬರಿಗೆ ಕಳಿಸು, ಎಷ್ಟು ಸಲ ಬೇಕಾದರೂ ಕಳಿಸು, ನಾನು ಉತ್ತರ ಕೊಡುತ್ತೇನೆ. ಪುಟ್ಟಿ, ಆ ಒಂಬತ್ತಕ್ಕೂ ಕಳಿಸಿದ ಕಥೆಯನ್ನು ನಾನಿನ್ನೂ ಓದಿಲ್ಲ. ಇವತ್ತು ರಾತ್ರಿ ಕಳಿಸು.